ಏಳು ತೋಡಿನ ಟ್ರೇ

ವಿಜಾಪುರ
2 ಜುಲೈ 1978

ಶ್ರೀ ಅಮರೇಶಪ್ಪ ಬಡಿಗೇರ ಅವರಿಗೆ,

ನಮಸ್ಕಾರ. ನನ್ನ ಪರಿಚಯ ನಿಮಗಿರಲಾರದು. ನಾನು ವಾಸುದೇವರಾಯರ ಹೆಂಡತಿ ಗೋದಾಬಾಯಿ. ಅವರು ಹೈದರಾಬಾದಿನ ತಾರು-ಟಪಾಲು ಕಚೇರಿಯಲ್ಲಿ ಆರು ವರ್ಷ ಇದ್ದು, ಹೋದ ವರ್ಷ ಜನವರಿಯಲ್ಲಿ ನಿವೃತ್ತರಾಗಿ ಊರಿಗೆ ಬಂದರು. ಈ ಫೆಬ್ರುವರಿ ಹದಿನೆಂಟರ ಬೆಳಿಗ್ಗೆ ಚಹಾ ಕುಡಿಯುತ್ತ ಕೂತವರು ಹಾಗೆಯೇ ಹೋಗಿಬಿಟ್ಟರು. ನಿಮಗೆ ಯಾರೂ ತಿಳಿಸಿರಲಿಕ್ಕಿಲ್ಲ. ನಿಮ್ಮ ಹೆಸರನ್ನು ನಾನು ನೋಡಿದ್ದೇ ಮೊನ್ನೆ.

ಅವರ ಟ್ರಂಕಿನಲ್ಲಿ, ಧೋತರಗಳ ಕೆಳಗೆ, ಒಂದು ಬಿಸ್ಕೀಟಿನ ಡಬ್ಬಿ ಸಿಕ್ಕಿತು. ಅದರ ತುಂಬ ರೂಪಾಯಿಗಿಂತ ದೊಡ್ಡದಾದ ದುಂಡು ಬಿಲ್ಲೆಗಳು: ಕೆಂಪು, ಬಿಳಿ, ನೀಲಿ, ಹಸಿರು. ಕೆಲವುಗಳ ಮೇಲೆ ಮಸಿಯಿಂದ ಏನೋ ಒಂದೊಂದು ಗುರುತು ಹಾಕಿದ್ದಾರೆ. ಬಹಳಷ್ಟು ಅಳಿಸಿಹೋಗಿವೆ. ಜೊತೆಗೆ ಅವರ ಕೈಬರಹದ ಚೀಟಿ. ಅದರಲ್ಲಿ ನಿಮ್ಮ ಹೆಸರು, ಕಾಚಿಗುಡದ ವಿಳಾಸ, ಕೆಳಗೆ 'ಹೊಸ ಟ್ರೇ' ಎಂದು.

ನಾನು ಅವನ್ನು ಕೋಟಿನ ಗುಂಡಿ ಎಂದುಕೊಂಡಿದ್ದೆ. ನಮ್ಮ ಶಾಲೆಯ ಹೆಡ್‌ಬಾಯಿ ಸಾವಿತ್ರಿಬಾಯಿಯವರಿಗೆ ಒಂದನ್ನು ತೋರಿಸಿದೆ. ಅವರು ಕೈಯಲ್ಲಿ ಹಿಡಿದವರೇ, "ಗೋದಾಬಾಯಿ, ಇವು ಜೂಜಿನ ಬಿಲ್ಲೆರಿ. ಪುಣೆದಾಗ ನಮ್ಮ ಭಾವ ಕ್ಲಬ್ಬಿಗೆ ಹೋಗತಿದ್ದಾ, ಅವನ ಹತ್ರ ನೋಡೀನಿ" ಅಂದರು.

ನಿಮಗೆ ನನ್ನ ಪ್ರಶ್ನೆ ಒಂದೇ. ಅವರು ಅಲ್ಲಿ ಇಸ್ಪೀಟು ಆಡುತ್ತಿದ್ದರೇ? ಇದನ್ನು ನಾನು ಸುಮ್ಮನೆ ಕೇಳುತ್ತಿಲ್ಲ. ನನಗೆ ನೋವಾದೀತೆಂದು ಸುಳ್ಳು ಬರೆಯಬೇಡಿ. ಟ್ರೇ ಎಂದರೇನು, ಅದನ್ನು ಯಾರಿಗಾಗಿ ಮಾಡಿಸಿದರು ಎನ್ನುವುದನ್ನೂ ತಿಳಿಸಿ.

ಇತಿ,
ಗೋದಾಬಾಯಿ


ಕಾಚಿಗುಡ, ಹೈದರಾಬಾದು
12 ಜುಲೈ 1978

ತಾಯಿ ಗೋದಾಬಾಯಿಯವರಿಗೆ ಅಮರೇಶಪ್ಪನ ನಮಸ್ಕಾರಗಳು.

ನಿಮ್ಮ ಕಾಗದ ಕಾರ್ಖಾನೆಯಿಂದ ಬಂದ ಮೇಲೆ ಓದಿದೆ. ಓದಿ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಶಿವದೇವಿ, ನನ್ನ ಮನೆಯಾಕೆ, "ಯಾರ ಕಾಗದರಿ, ಏನಾತು?" ಅಂತ ನಾಲ್ಕು ಸಲ ಕೇಳಿದಳಂತೆ. ನನಗೆ ಕೇಳಿಸಲಿಲ್ಲ. ರಾಯರು ಇಲ್ಲ ಎನ್ನುವ ಮಾತು ಇನ್ನೂ ನನ್ನ ತಲೆಗೆ ಹೋಗುತ್ತಿಲ್ಲ. ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಬೇಕು. ನಿಜಾಮನ ಕಾಲದಲ್ಲಿ ಲಿಂಗಸುಗೂರಿನಲ್ಲಿ ಉರ್ದು ಶಾಲೆಗೆ ಹೋದವನು ನಾನು. ಕನ್ನಡ ಅಪ್ಪ ಕಲಿಸಿದ್ದು, ಹಲಗೆಯ ಮೇಲೆ ಸುಣ್ಣದಿಂದ ಬರೆದು.

ತಾಯಿ, ರಾಯರು ಒಂದು ದಿನವೂ ಜೂಜಾಡಿದ್ದನ್ನು ನಾನು ಕಂಡಿಲ್ಲ. ದೇವರ ಆಣೆ.

ಟ್ರೇ ಎಂದರೆ ಏನೆಂದು ಕೇಳಿದ್ದೀರಿ. ಹಗಲು ನಾನು ಸರಕಾರಿ ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುತ್ತೇನೆ. ಆ ಅಚ್ಚನ್ನು ಮಣ್ಣಲ್ಲಿ ಒತ್ತಿ, ಆದ ಕುಳಿಗೆ ಕಬ್ಬಿಣದ ರಸ ಹೊಯ್ಯುತ್ತಾರೆ. ಸಂಜೆ ಮನೆಯ ಪಡಸಾಲೆಯಲ್ಲಿ ನನ್ನ ಸ್ವಂತ ಕೆಲಸ. ಸಿಕಂದರಾಬಾದಿನ ಕ್ಲಬ್ಬುಗಳಲ್ಲಿ ಪೋಕರ್ ಅಂತ ಆಟ ಇದೆ. ಆಟಕ್ಕೆ ದುಡ್ಡಿನ ಬದಲು ಈ ಬಿಲ್ಲೆ ಇಡುತ್ತಾರೆ. ಚಿಪ್ಸ್ ಅನ್ನುತ್ತಾರೆ. ಅವನ್ನು ಜೋಡಿಸಿಡಲು, ಒಂದು ಮೇಜಿನಿಂದ ಇನ್ನೊಂದಕ್ಕೆ ಒಯ್ಯಲು ಸಾಗವಾನಿ ಟ್ರೇ ಬೇಕು. ಹಲಗೆಯಲ್ಲಿ ಉದ್ದಕ್ಕೆ ದುಂಡನೆಯ ತೋಡು ಕೊರೆಯಬೇಕು. ತೋಡಿನಲ್ಲಿ ಚಿಪ್ಸ್ ಅಂಚಿನ ಮೇಲೆ ನಿಲ್ಲುತ್ತವೆ, ಬಳೆಗಾರನ ಮಲಾರದಲ್ಲಿ ಬಳೆ ನಿಂತ ಹಾಗೆ. ತೋಡು ಬಿಗಿಯಾದರೆ ಬೆರಳು ಹೋಗುವುದಿಲ್ಲ. ಸಡಿಲಾದರೆ ನಡೆಯುವಾಗ ಗಲಗಲ ಅಂತ ಉರುಳುತ್ತವೆ. ನಾನು ಒಂದು ಕೋಲಿಗೆ ಪಾಲಿಶ್ ಕಾಗದ ಸುತ್ತಿ, ಅಂಗೈಗೆ ಹಾಲಿನ ಕೆನೆಯ ಹಾಗೆ ಅನ್ನಿಸುವವರೆಗೆ ತಿಕ್ಕುತ್ತೇನೆ. ತಳಕ್ಕೆ ಹಸಿರು ಬನಾತು, ಅಂದರೆ ಮೆತ್ತನೆಯ ಉಣ್ಣೆ ಬಟ್ಟೆ, ಅಂಟಿಸುತ್ತೇನೆ.

ಆ ಬನಾತಿನಿಂದಲೇ ರಾಯರ ಪರಿಚಯವಾದದ್ದು. ಬೇಗಂ ಬಜಾರಿನಲ್ಲಿ ಅಂಗಡಿಯವ ನುಸಿ ತಿಂದ ಬನಾತು ತೋರಿಸಿದ. ನಾನು ಅವನಿಗೆ ತಿಳಿಯದಿರಲಿ ಅಂತ ಕನ್ನಡದಲ್ಲಿ ಬೈದೆ. ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದವರು ಗಂಭೀರವಾಗಿ, "ಇನ್ನೊಂದ್ಸಲ ಬೈರಿ, ಭಾಳ ದಿವಸ ಆತು ಕೇಳಿ" ಅಂದರು. ಅವತ್ತೇ ಮನೆಗೆ ಬಂದು ಚಹಾ ಕುಡಿದರು. ಆಮೇಲೆ ಪ್ರತಿ ಆದಿತ್ಯವಾರ ಬಂದರು.

ಚಿಪ್ಸ್ ಅವರು ಜುಮ್ಮೇರಾತ್ ಬಜಾರಿನಲ್ಲಿ, ಹಳೆ ಸಾಮಾನಿನ ರಾಶಿಯಲ್ಲಿ ಕೊಂಡದ್ದು. ಟ್ರೇ ಯಾರೋ ಪರಿಚಯದವರಿಗೆ ಬೇಕು ಅಂದಿದ್ದರು. ಹೆಚ್ಚಿಗೆ ನಾನು ಕೇಳಲಿಲ್ಲ. ಅದು ತಯಾರಿದೆ. ಹೇಳಿದರೆ ಪಾರ್ಸೆಲ್ ಮಾಡುತ್ತೇನೆ.

ನಿಮ್ಮ ದುಃಖದಲ್ಲಿ ನಾವೂ ಇದ್ದೇವೆ.

ಅಮರೇಶಪ್ಪ


ವಿಜಾಪುರ
19 ಜುಲೈ 1978

ಶ್ರೀ ಅಮರೇಶಪ್ಪನವರಿಗೆ,

ಆ ಚೀಟಿಯಲ್ಲಿ ಇನ್ನೊಂದು ಮಾತಿತ್ತು. ನೀವಾಗಿಯೇ ಹೇಳುತ್ತೀರೇನೋ ಎಂದು ನಾನು ಬರೆದಿರಲಿಲ್ಲ. 'ಹೊಸ ಟ್ರೇ, ಉಷಾಗೆ.'

ಯಾರೋ ಪರಿಚಯದವರು ಎಂದಿರಿ. ಯಾರು ಈ ಉಷಾ? ವಯಸ್ಸೆಷ್ಟು? ಎಲ್ಲಿರುತ್ತಾಳೆ? ಆರು ವರ್ಷದಲ್ಲಿ ಅವರು ಮನೆಗೆ ಬಂದದ್ದು ಹನ್ನೊಂದು ಸಲ. ರಜೆ ಸಿಗುವುದಿಲ್ಲ ಎನ್ನುತ್ತಿದ್ದರು. ನಂಬಿದ್ದೆ. ಈಗ ನಿಮ್ಮ ಸುಳ್ಳನ್ನೂ ನಂಬಬೇಕೆನ್ನುತ್ತೀರಾ?

ಟ್ರೇ ಕಳಿಸಬೇಡಿ.

ಗೋದಾಬಾಯಿ


ಕಾಚಿಗುಡ
26 ಜುಲೈ 1978

ತಾಯಿಯವರಿಗೆ,

ಉಷಾ ನನ್ನ ಮಗಳು. ಹನ್ನೆರಡು ವರ್ಷ. ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ, ಮಾತು ಬರುವುದಿಲ್ಲ.

ಸುಳ್ಳು ಬರೆದದ್ದು ನಿಜ. ಯಾಕೆ ಬರೆದೆ ಎಂದು ಹೇಳುತ್ತೇನೆ, ಆಮೇಲೆ ನೀವು ಏನಂದರೂ ಕೇಳಿಸಿಕೊಳ್ಳುತ್ತೇನೆ. ರಾಯರು ಮೊದಲ ಸಲ ಮನೆಗೆ ಬಂದಾಗ ಅವಳಿಗೆ ಆರು ವರ್ಷ. ಕ್ಲಬ್ಬಿನ ಒಂದು ಟ್ರೇಯ ಅಳತೆ ನೋಡಲು ನಾನು ಚಿಪ್ಸ್ ಹರಡಿಕೊಂಡಿದ್ದೆ. ಅವಳು ಕೆಂಪು ಬೇರೆ, ನೀಲಿ ಬೇರೆ ಮಾಡಿ ಗೋಪುರ ಕಟ್ಟುತ್ತಿದ್ದಳು. ರಾಯರು ಅವಳನ್ನೇ ನೋಡುತ್ತ ಕೂತರು. ಮುಂದಿನ ಆದಿತ್ಯವಾರ ಡಬ್ಬಿ ತುಂಬ ಹಳೆ ಚಿಪ್ಸ್ ತಂದರು. ಕೆಂಪಿನ ಮೇಲೆ ಸ್ವರ, ಬಿಳಿಯ ಮೇಲೆ ವ್ಯಂಜನ, ನೀಲಿಯ ಮೇಲೆ ಗುಡಿಸು, ಕೊಂಬು, ದೀರ್ಘ ಬರೆದಿದ್ದರು. ಹಾಲಿನ ಲೋಟ ಇಟ್ಟು ಪಕ್ಕದಲ್ಲಿ 'ಹಾಲು' ಜೋಡಿಸಿದರು. ಬೆಕ್ಕಿಗೆ, ಬಾಗಿಲಿಗೆ, ನನ್ನ ಉಳಿಗೆ, ಎಲ್ಲಕ್ಕೂ ಹಾಗೆಯೇ. ನನ್ನ ಮಗಳಿಗೆ ಲೋಕದ ಸಾಮಾನುಗಳಿಗೆಲ್ಲ ಹೆಸರಿದೆ ಅಂತ ತಿಳಿದದ್ದು ಅವರಿಂದ.

ಮೊದಲು ಕ್ಲಬ್ಬಿನ ಟ್ರೇಯಂತೆಯೇ ಮಾಡಿಕೊಟ್ಟೆ. ಚಿಪ್ಸ್ ನೆಟ್ಟಗೆ ನಿಂತರೆ ಅಕ್ಷರ ಮುಚ್ಚಿಹೋಗುತ್ತವೆ ಅಂದರು. ಆಗ ತೋಡನ್ನು ಓರೆಯಾಗಿ ಕೊರೆದೆ. ಒಂದರ ಹಿಂದೊಂದು ಹಂಚಿನಂತೆ ಒರಗಿ, ಅಕ್ಷರಗಳೆಲ್ಲ ಕಣ್ಣಿಗೆ ಬೀಳುವ ಹಾಗೆ. ಹೋದ ನವೆಂಬರಿನಲ್ಲಿ ಪಿಂಚಣಿ ಕಾಗದಕ್ಕೆಂದು ಬಂದಾಗ, ಒತ್ತಕ್ಷರ ಸೇರಿಸಬೇಕು, ಅಳಿಸಿದ್ದನ್ನು ತಿದ್ದಬೇಕು ಅಂತ ಡಬ್ಬಿ ತೆಗೆದುಕೊಂಡು ಹೋದರು. ಏಳು ತೋಡಿನ ಹೊಸ ಟ್ರೇ ಮಾಡಿಡಲು ಹೇಳಿದರು. ಯುಗಾದಿಗೆ ಬರುತ್ತೇನೆ ಅಂದಿದ್ದರು. ಊರಿಗೆ ಕಾಗದ ಬರೆಯಬೇಡ ಅಂತಲೂ ಅಂದಿದ್ದರು.

ತಾಯಿ, ಆ ಮೊದಲ ವರ್ಷ ಒಂದು ಸಲ ಅವರು ನನ್ನ ಮುಂದೆ, "ನನಗೂ ಒಬ್ಬಾಕಿ ಮಗಳಿದ್ಳು, ಹೋದಾಗ ಇಕಿಕಿಂತ ಒಂದ್ವರ್ಷ ಸಣ್ಣಾಕಿ" ಅಂದರು. ಹೆಸರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಮಗಳನ್ನು ಕಳೆದುಕೊಂಡ ತಾಯಿಗೆ, ನಿಮ್ಮ ಗಂಡ ನನ್ನ ಮಗಳನ್ನು ಆಡಿಸುತ್ತಿದ್ದರು ಅಂತ ಹೇಗೆ ಬರೆಯಲಿ? ಅದಕ್ಕೆ ಸುಳ್ಳು ಬರೆದೆ.

ಉಷಾಗೆ ಇನ್ನೂ ಹೇಳಿಲ್ಲ. ಆದಿತ್ಯವಾರ ಖಾಲಿ ಟ್ರೇ ಒರೆಸಿಡುತ್ತಾಳೆ.

ಅಮರೇಶಪ್ಪ


ವಿಜಾಪುರ
17 ಸೆಪ್ಟೆಂಬರ್ 1978

ಅಮರೇಶಪ್ಪನವರಿಗೆ,

ಏಳು ವಾರ ಉತ್ತರ ಬರೆಯಲಿಲ್ಲ. ನಿಮ್ಮ ಮೇಲಿನ ಸಿಟ್ಟಿನಿಂದ ಎಂದುಕೊಂಡಿರಬೇಕು. ನಾಚಿಕೆಯೂ ಇತ್ತು, ಸಿಟ್ಟೂ ಇತ್ತು. ಯಾವುದು ಎಷ್ಟೆಂದು ನನಗೇ ತಿಳಿಯಲಿಲ್ಲ.

ಇಪ್ಪತ್ತೆರಡು ವರ್ಷದಿಂದ ನಾನು ಕನ್ಯಾಶಾಲೆಯಲ್ಲಿ ಒಂದನೇ ಇಯತ್ತೆಗೆ ಅಕ್ಷರ ಕಲಿಸುತ್ತಿದ್ದೇನೆ. ಅಕ್ಷರಗಳು ಅಳಿಸಿಹೋಗಿದ್ದರೂ ಆ ಬಿಲ್ಲೆಗಳ ಮೇಲೆ ಗುಡಿಸು, ಕೊಂಬು, ಏತ್ವ ಉಳಿದಿದ್ದವು. ಜೂಜಿನ ಗುರುತು ಎಂದುಕೊಂಡೆ! ಕಣ್ಣ ಮುಂದೆ ಕಾಗುಣಿತ ಇಟ್ಟುಕೊಂಡು ಓದಲಾರದೇ ಹೋದೆ.

ಯಾಕೆ ಹಾಗಾಯಿತೆಂದು ನೀವೂ ತಿಳಿಯಬೇಕು. ನಮ್ಮ ಮಗು ಹುಟ್ಟಿದ್ದು ಮದುವೆಯಾಗಿ ಹನ್ನೆರಡು ವರ್ಷಕ್ಕೆ. ಅದಕ್ಕೆ ಐದು ತುಂಬಿದ್ದಾಗ, 1964ರಲ್ಲಿ, ಒಂದು ಆದಿತ್ಯವಾರ ಮಧ್ಯಾಹ್ನ ಜ್ವರ ಏರಿ ಗಂಟಲು ಕಟ್ಟಿತು. ಇವರು ಗೆಳೆಯರ ಮನೆಯಲ್ಲಿ ಇಸ್ಪೀಟು ಆಡುತ್ತ ಕೂತಿದ್ದರು. ಪಕ್ಕದ ಮನೆಯ ಗಂಗೂಬಾಯಿಯನ್ನು ಓಡಿಸಿದೆ. "ಇದೊಂದು ಆಟ ಮುಗಿಸಿ ಬಂದೆ ಅಂತ ಹೇಳ್ರಿ" ಅಂದರಂತೆ. ಬಂದದ್ದು ಒಂದು ತಾಸಿನ ಮೇಲೆ. ಟಾಂಗಾ ಹಿಡಿದು ದವಾಖಾನೆ ಮುಟ್ಟುವಷ್ಟರಲ್ಲಿ ಮಗು ಬಣ್ಣಗೆಟ್ಟಿತ್ತು.

ಅವತ್ತು ನಾನು ಅವರಿಗೆ, "ಆಟ ಮುಗೀತೇನು?" ಎಂದು ಕೇಳಿದೆ. ಅಷ್ಟೇ. ಆಮೇಲೆ ಅವರು ಇಸ್ಪೀಟಿನ ಎಲೆ ಮುಟ್ಟಲಿಲ್ಲ. ನಮ್ಮ ಮನೆಯಲ್ಲಿ ಮಗುವಿನ ಹೆಸರೂ ಹೊರಡಲಿಲ್ಲ. ಉಪ್ಪು ಮುಗಿದಿದೆ, ನಲ್ಲಿ ಬಂದಿದೆ ಎನ್ನುವ ಮಾತುಗಳಲ್ಲಿ ಏಳು ವರ್ಷ ಕಳೆಯಿತು. ಆಮೇಲೆ ಅವರೇ ಬೇಡಿಕೊಂಡು ಹೈದರಾಬಾದಿಗೆ ವರ್ಗ ಮಾಡಿಸಿಕೊಂಡರು.

ಈಗ ನೀವು ಬರೆಯುತ್ತೀರಿ, ನಿಮ್ಮ ಮನೆಯಲ್ಲಿ ಅವರು ಹಾಲಿಗೂ ಬೆಕ್ಕಿಗೂ ಹೆಸರಿಟ್ಟರು ಎಂದು. ಕೊಡೆ ಹಿಡಿದು ತಮಾಷೆ ಮಾಡಿದರು ಎಂದು. ನಿಮ್ಮ ಮಗಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನನ್ನ ಪಾಲಿಗೆ ಒಂದು ಮಾತೂ ಇಲ್ಲದ ಮನುಷ್ಯನಿಗೆ ಅಲ್ಲಿ ಡಬ್ಬಿ ತುಂಬ ಅಕ್ಷರ ಎಲ್ಲಿಂದ ಬಂತು? ಇದನ್ನು ನೀವು ಹೇಳಲಾರಿರಿ. ಅವರನ್ನೇ ಕೇಳಬೇಕಿತ್ತು.

ಗೋದಾಬಾಯಿ


ಕಾಚಿಗುಡ
24 ಸೆಪ್ಟೆಂಬರ್ 1978

ಅಕ್ಕನವರಿಗೆ,

ಹಾಗೆ ಕರೆದದ್ದು ತಪ್ಪಾದರೆ ಮುಂದಿನ ಕಾಗದದಲ್ಲಿ ಬೈಯಿರಿ.

ನಾನು ಕಡಿಮೆ ಓದಿದವನು. ಆದರೂ ನೀವು ಹೇಳಲಾರಿರಿ ಎಂದದ್ದನ್ನು ಒಂದಿಷ್ಟು ಹೇಳಬಲ್ಲೆ. ರಾಯರು ನಮ್ಮ ಮನೆಯಲ್ಲೂ ಮಾತಾಡುತ್ತಿರಲಿಲ್ಲ ಅಕ್ಕಾ. ನಾನು ಬರೆದ ಎರಡು ತಮಾಷೆ ಓದಿ ಅವರು ಇಲ್ಲಿ ಹರಟುತ್ತಿದ್ದರು ಅಂತ ತಿಳಿದಿರಿ. ಬಂದರೆ ಪಡಸಾಲೆಯ ಮೂಲೆಯಲ್ಲಿ ಚಾಪೆಯ ಮೇಲೆ ಕೂಡುತ್ತಿದ್ದರು. ಎದುರಿಗೆ ಉಷಾ. ನಡುವೆ ಟ್ರೇ. ಎರಡು ತಾಸು, ಮೂರು ತಾಸು, ಚಿಪ್ಸಿನ ಟಕಟಕ ಬಿಟ್ಟರೆ ಸದ್ದಿಲ್ಲ. ಹಲಗೆ ಹೆರೆಯುವ ನನ್ನ ರಂದದ ಸಪ್ಪಳವೇ ಜೋರು. ಶಿವದೇವಿ ಒಳಗಿನಿಂದ, "ರಾಯರ, ರೊಟ್ಟಿ ಆರಾಕತ್ತಾವ, ಏಳ್ರಿ" ಅಂತ ಕೂಗಿದರೆ ಏಳುತ್ತಿದ್ದರು.

ಒಂದು ದಿನ ನಾನೇ ಕೇಳಿದೆ. "ರಾಯರ, ಸಾಹೇಬರ ಆಫೀಸಿನಾಗ ಇರೋರು ನೀವು. ಈ ಮಾತಿಲ್ಲದ ಹುಡುಗಿ ಕೂಡ ಕುಂತ್ರ ಬ್ಯಾಸರ ಬರೂದಿಲ್ಲೇನು?"

ಅವರು ಕೈಯಲ್ಲಿದ್ದ ಬಿಲ್ಲೆಯನ್ನು ತಿರುಗಿಸಿ ನೋಡಿ ತೋಡಿನಲ್ಲಿಟ್ಟರು. ಆಮೇಲೆ ಅಂದ ಮಾತು ಇದು, ಅಕ್ಷರಕ್ಕಕ್ಷರ ನೆನಪಿದೆ: "ಇಕಿ ನನ್ನ ಏನೂ ಕೇಳೂದಿಲ್ಲ ಅಮರೇಶಪ್ಪಾ. ಮನ್ಯಾಗ ಗೋದಾನೂ ಏನೂ ಕೇಳೂದಿಲ್ಲ. ಆದರ ಆಕಿ ಕೇಳದ ಇರೂದು ನನಗ ಕೇಳಸ್ತದ."

ಅಷ್ಟು ಹೇಳಿ ಕನ್ನಡಕ ತೆಗೆದು ಒರೆಸಿದರು. ನಾನು ತೋಡು ತಿಕ್ಕುತ್ತ ತಲೆ ಬಗ್ಗಿಸಿದೆ.

ನಿಮ್ಮ ಬಗ್ಗೆ ಇನ್ನೊಂದು ಸಲವೂ ಮಾತು ಬಂತು. ಉಷಾ 'ಳ' ಬರೆಯುವಾಗ ಯಾವಾಗಲೂ ಎಡವುತ್ತಿದ್ದಳು. "ನಮ್ಮ ಮನ್ಯಾಕಿ ಇದ್ದಿದ್ರ ಒಂದು ವಾರದಾಗ ತಿದ್ದತಿದ್ಳು. ನನ್ನ ಕಡೆ ಆಗವಲ್ದು" ಅಂದರು. ನಾನು, "ಹಂಗಾರ ಅವರನ್ನ ಕರಕೊಂಡು ಬರ್ರಿ" ಅಂದೆ. ಮುಂದಿನ ಆದಿತ್ಯವಾರ ಸುಲ್ತಾನ ಬಜಾರಿನಿಂದ ಒಂದು ಇಳಕಲ್ ಸೀರೆ ಕೊಂಡುಕೊಂಡು ಶಿವದೇವಿಗೆ ತೋರಿಸಿ, ಬಣ್ಣ ಹೇಗಿದೆ ಅಂತ ಕೇಳಿದರು. ಅದು ನಿಮಗೆ ಮುಟ್ಟಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಈಗ ನನ್ನ ಕಷ್ಟ ಹೇಳುತ್ತೇನೆ. ಉಷಾ ಈಗ ಕಿವುಡ ಮಕ್ಕಳ ಶಾಲೆಗೆ ಹೋಗುತ್ತಾಳೆ, ಅಲ್ಲಿ ತೆಲುಗು ಕಲಿಸುತ್ತಾರೆ. ಕನ್ನಡ ಬಂದದ್ದರಿಂದ ಅದೂ ಬೇಗ ಬಂತು. ಆದರೆ ಯುಗಾದಿಗೆ ಬರುತ್ತೇನೆಂದ ರಾಯರು ಬರಲಿಲ್ಲವಲ್ಲ, ಆದಿತ್ಯವಾರ ಬಂದರೆ ನನ್ನ ಮುಂದೆ ನಿಂತು ಹಣೆಯ ಮೇಲೆ ಬೆರಳಿನಿಂದ ನೆಟ್ಟಗೆ ಒಂದು ಗೆರೆ ಎಳೆಯುತ್ತಾಳೆ. ಅದು ರಾಯರ ಅಂಗಾರದ ಗೆರೆ. ರಾಯರಿಗೆ ಅವಳಿಟ್ಟ ಹೆಸರು ಅದೇ. ಎಲ್ಲಿ ಅಂತ ಕೇಳುತ್ತಾಳೆ. ಊರಲ್ಲಿ, ಕೆಲಸ, ಅಂತ ನಾನು ಕೈ ಆಡಿಸುತ್ತೇನೆ. ಈಚೆಗೆ ಎರಡು ವಾರದಿಂದ ಅವಳು ಕೇಳುತ್ತಲೂ ಇಲ್ಲ. ಸಾವನ್ನು ಹೇಗೆ ಸನ್ನೆ ಮಾಡಲಿ ಅಕ್ಕಾ?

ನಿಮ್ಮ ತಮ್ಮ,
ಅಮರೇಶಪ್ಪ


ವಿಜಾಪುರ
1 ಅಕ್ಟೋಬರ್ 1978

ತಮ್ಮ ಅಮರೇಶಪ್ಪನವರಿಗೆ,

ಬೈಯುವುದಿಲ್ಲ.

ಸೀರೆ ಮುಟ್ಟಿತ್ತು. ಮಂಚದ ಮೇಲೆ ಇಟ್ಟು, "ಬಜಾರದಾಗ ಕಂಡಿತು" ಅಂದಿದ್ದರು. "ಇರಲಿ" ಎಂದು ಒಳಗಿಟ್ಟೆ. ಒಂದು ಸಲವೂ ಉಡಲಿಲ್ಲ.

ನಿಮ್ಮ ಕಾಗದ ಓದಿದ ಮೇಲೆ, ನಾನು ಯಾರಿಗೂ ಹೇಳದ ಒಂದು ಮಾತನ್ನು ನಿಮಗೆ ಬರೆಯದಿದ್ದರೆ ಅನ್ಯಾಯವಾಗುತ್ತದೆ. ಮಗು ಹೋದ ಮೂರನೆಯ ದಿನ ಆ ದವಾಖಾನೆಯ ಡಾಕ್ಟರರು ನನ್ನನ್ನು ಕಂಡಿದ್ದರು. "ತಂಗಿ, ಬ್ಯಾನಿ ಮೈಯೆಲ್ಲಾ ಏರಿತ್ತು. ಒಂದು ತಾಸಲ್ಲ, ಒಂದು ದಿವಸ ಮೊದಲ ತಂದಿದ್ರೂ ಕೂಸು ಉಳೀತಿದ್ದಿಲ್ಲ. ನಿನ್ನ ಗಂಡಗ ಇದನ್ನ ಹೇಳು" ಅಂದರು.

ನಾನು ಹೇಳಲಿಲ್ಲ.

ಮೊದಲ ವರ್ಷ ಸಿಟ್ಟಿನಿಂದ ಹೇಳಲಿಲ್ಲ. ಅವರೂ ಸ್ವಲ್ಪ ಬೇಯಲಿ ಎಂದುಕೊಂಡೆ. ಆಮೇಲೆ ಹೇಳೋಣವೆಂದರೆ, ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದರೆ ಏನು ಹೇಳಲಿ? ದಿನ ಕಳೆದಷ್ಟೂ ಮಾತು ಭಾರವಾಯಿತು. ಆ ಫೆಬ್ರುವರಿಯ ಬೆಳಿಗ್ಗೆಯೂ ಚಹಾ ಕೊಡುವಾಗ, ಇವತ್ತು ಸಂಜೆ ಹೇಳಬೇಕು ಎಂದುಕೊಂಡಿದ್ದೆ ಎಂದರೆ ನೀವು ನಂಬಬೇಕಿಲ್ಲ. ನಾನು ಎಷ್ಟೋ ಬೆಳಿಗ್ಗೆ ಹಾಗೆ ಅಂದುಕೊಂಡವಳು.

ಅವರು ನನ್ನಿಂದ ದೂರ ಓಡಿದರೆಂದು ನಾನು ದೂರಿದೆ. ಓಡಿಸಿದವಳು ನಾನು.

ಮಗುವಿಗೆ ನಿಜ ಹೇಳಲೇಬೇಕು. ಹೇಳದೇ ಇಟ್ಟ ಮಾತು ಏನು ಮಾಡುತ್ತದೆಂದು ನನಗಿಂತ ಬಲ್ಲವರಿಲ್ಲ. ದಸರೆಯ ರಜೆಗೆ ನಾನೇ ಬರುತ್ತೇನೆ. ಹತ್ತನೆಯ ತಾರೀಖು ಬೆಳಗಿನ ಬಸ್ಸು. ಒತ್ತಕ್ಷರದಲ್ಲಿ ಅವರು ಅರ್ಧ ಬರೆದಿಟ್ಟಿದ್ದರು. ಉಳಿದದ್ದನ್ನು ನಾನು ಬರೆದು, ಅಳಿಸಿದ್ದನ್ನೂ ತಿದ್ದಿ ಮುಗಿಸಿದ್ದೇನೆ, ಡಬ್ಬಿ ತರುತ್ತೇನೆ. ಹಸಿರು ಬಿಲ್ಲೆಯ ಮೇಲೆ ಬಿಳಿ ಬಣ್ಣ ಚೆನ್ನಾಗಿ ಕಾಣುತ್ತದೆ. 'ಳ'ದ ಬಗ್ಗೆ ಉಷಾಗೆ ಹೆದರಬೇಡ ಅನ್ನಿ.

ಗೋದಾಬಾಯಿ


(ಪೋಸ್ಟ್ ಕಾರ್ಡು)

ಕಾಚಿಗುಡ
5 ಅಕ್ಟೋಬರ್ 1978

ಅಕ್ಕನವರಿಗೆ ನಮಸ್ಕಾರ. ಬಸ್ಸು ಗೌಳಿಗುಡದಲ್ಲಿ ನಿಲ್ಲುತ್ತದೆ. ಇಳಿದಲ್ಲೇ ನಿಂತಿರಿ, ಆಟೋದವರ ಮಾತಿಗೆ ಹೋಗಬೇಡಿ. ನಾನು ಕರಿ ಟೊಪ್ಪಿಗೆ ಹಾಕಿರುತ್ತೇನೆ. ನಮ್ಮಲ್ಲಿ ಊಟ ಮಾಡುತ್ತೀರೋ, ನಿಮ್ಮದು ಮಡಿಯ ಅಡುಗೆಯೋ ಅಂತ ಶಿವದೇವಿ ಕೇಳುತ್ತಾಳೆ. ಯಾವುದಕ್ಕೂ ಇರಲಿ ಅಂತ ಹೊಸ ಪಾತ್ರೆ, ಹೊಸ ಸ್ಟೋವ್ ತೆಗೆದಿಟ್ಟಿದ್ದಾಳೆ. ರಾಯರಿಗೆ ಅವಳ ಕೈಯ ಜೋಳದ ರೊಟ್ಟಿ ನಡೆಯುತ್ತಿತ್ತು. ನಿಮ್ಮ ಡಾಕ್ಟರರ ಮಾತು ಓದಿದೆ. ಅದಕ್ಕೆ ಕಾರ್ಡಿನಲ್ಲಿ ಉತ್ತರ ಬರೆಯಲಾಗದು. ಬನ್ನಿ. — ಅಮರೇಶಪ್ಪ


ವಿಜಾಪುರ
22 ಅಕ್ಟೋಬರ್ 1978

ಪ್ರೀತಿಯ ತಮ್ಮ ಅಮರೇಶಪ್ಪನಿಗೆ ಗೋದಕ್ಕನ ಆಶೀರ್ವಾದಗಳು.

ಸುಖವಾಗಿ ಮುಟ್ಟಿದೆ. ಶಿವದೇವಿ ಕಟ್ಟಿಕೊಟ್ಟ ರೊಟ್ಟಿಯನ್ನು ಹುಮನಾಬಾದಿನಲ್ಲಿ ಬಸ್ಸು ನಿಂತಾಗ ತಿಂದೆ. ಪಕ್ಕದಲ್ಲಿ ಕೂತಾಕೆಗೂ ಒಂದು ಕೊಟ್ಟೆ. ಸ್ಟೋವನ್ನು ಒಂದು ದಿನವೂ ಹಚ್ಚಿಸಿಕೊಳ್ಳದ ನನ್ನ ಬಗ್ಗೆ ನಮ್ಮ ಓಣಿಯವರಿಗೆ ಹೇಳಬೇಡ.

ಗೌಳಿಗುಡದಲ್ಲಿ ನನ್ನನ್ನು ಹತ್ತಿಸುವಾಗ ನೀನು ಕಿಟಕಿಯ ಹತ್ತಿರ ಬಂದು, "ಉಷಾಗ ಹೇಳಿದ್ರೇನು ಅಕ್ಕಾ?" ಎಂದು ಕೇಳಿದೆ. "ಹೇಳೀನಿ, ತಿಳಕೊಂಡಳು" ಅಂದೆ. ಅದು ಪೂರ್ತಿ ನಿಜವಲ್ಲ. ಅಷ್ಟು ಜನರ ನಡುವೆ ನಿಜ ಹೇಳಿದ್ದರೆ ನೀನು ಅಲ್ಲೇ ಕುಸಿದು ಕೂಡುತ್ತಿದ್ದೆ. ಈಗ ಬರೆಯುತ್ತೇನೆ.

ಶುಕ್ರವಾರ ನೀನು ಕಾರ್ಖಾನೆಗೆ ಹೋಗಿದ್ದೆ, ಶಿವದೇವಿ ಕಾಯಿಪಲ್ಲೆಗೆ ಹೋಗಿದ್ದಳು. ಉಷಾ ಮತ್ತು ನಾನು ಚಾಪೆಯ ಮೇಲೆ ಕೂತಿದ್ದೆವು. ಎರಡು ದಿನದಿಂದ ನನಗೆ ಧೈರ್ಯ ಸಾಲದೆ ಬರಿಯ 'ಳ' ತಿದ್ದಿಸುತ್ತ ಕಾಲ ಕಳೆದಿದ್ದೆ. ಇನ್ನು ಆಗದು ಎಂದು ಪಾಟಿ ತೆಗೆದುಕೊಂಡೆ. ಹಣೆಯ ಮೇಲೆ ಬೆರಳಿನಿಂದ ಆ ಗೆರೆ ಎಳೆದೆ. ಅವರನ್ನು ಅವಳು ಬರೆಯುವಂತೆ 'ಮಾಮಾ' ಎಂದು ಬರೆದೆ. ಮುಂದೆ ಬಳಪ ಓಡಲಿಲ್ಲ.

ಅವಳು ನನ್ನ ಕೈಯಿಂದ ಬಳಪ ತೆಗೆದುಕೊಂಡಳು. ನನ್ನ 'ಮಾಮಾ'ದ ಮುಂದೆ, 'ಇಲ್ಲ. ನನಗೆ ಗೊತ್ತು' ಎಂದು ಬರೆದಳು. ತಕಾರದ ಕೆಳಗಿನ ಒತ್ತು ಸರಿಯಾಗಿ ಬಿದ್ದಿತ್ತು. ಅಂಥ ಹೊತ್ತಿನಲ್ಲಿಯೂ ನನ್ನ ಕಣ್ಣು ಮೊದಲು ಅದನ್ನೇ ನೋಡಿತು, ಮಾಸ್ತರಿಕೆ ಮಾಡಿದ ಪಾಪ.

ಆಮೇಲೆ ಎದ್ದು ಹೋಗಿ ನಿನ್ನ ಉಳಿಯ ಪೆಟ್ಟಿಗೆಯ ಕೆಳಗಿನಿಂದ ನನ್ನ ಕಾಗದಗಳನ್ನೆಲ್ಲ ತಂದು ನನ್ನ ತೊಡೆಯ ಮೇಲೆ ಇಟ್ಟಳು. ಜುಲೈಯಲ್ಲಿ ಬಂದದ್ದು ಮೊದಲ್ಗೊಂಡು ಎಲ್ಲವನ್ನೂ ಓದಿದ್ದಾಳೆ! ನೀನೂ ನಾನೂ ಈ ಹುಡುಗಿಗೆ ಹೇಗೆ ಹೇಳುವುದೆಂದು ಮೂರು ತಿಂಗಳು ಕಾಗದ ಬರೆದುಕೊಂಡೆವು. ಅವಳಿಗೆ ಕನ್ನಡ ಓದಲು ಬರುತ್ತದೆ ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ನಾನು 'ಯಾರು ಈ ಉಷಾ? ವಯಸ್ಸೆಷ್ಟು?' ಎಂದು ಸಿಟ್ಟಿನಿಂದ ಬರೆದ ಸಾಲನ್ನು ಬೆರಳಿಟ್ಟು ತೋರಿಸಿದಳು. ಕೆಳಗೆ ಪಾಟಿಯ ಮೇಲೆ, 'ನಾನು. ೧೨' ಎಂದು ಉತ್ತರ ಬರೆದಳು. ಬರೆದು ನನ್ನ ಮುಖ ನೋಡಿ ನಕ್ಕಳು. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ, ಎರಡೂ ಆಯಿತು.

'ಗೊತ್ತಿದ್ದರೆ ಅಪ್ಪನನ್ನು ಎಲ್ಲಿ ಎಂದು ಯಾಕೆ ಕೇಳುತ್ತಿದ್ದೆ?' ಎಂದು ಬರೆದೆ. ಅದಕ್ಕೆ ಅವಳ ಉತ್ತರ: 'ಅಪ್ಪ ಮೆಟ್ಟಿಲ ಮೇಲೆ ಅತ್ತ. ನಾನು ನೋಡಿದೆ. ಕೇಳದಿದ್ದರೆ ನನಗೆ ಗೊತ್ತು ಅಂತ ಅಪ್ಪನಿಗೆ ತಿಳಿಯುತ್ತದೆ. ಮತ್ತೆ ಅಳುತ್ತಾನೆ.' ಆಮೇಲೆ ಕೇಳಿ ಕೇಳಿ ಅವಳಿಗೂ ಸಾಕಾಯಿತಂತೆ, ಬಿಟ್ಟುಬಿಟ್ಟಳಂತೆ. ಅಮರೇಶಪ್ಪ, ನಿನ್ನ ಮಗಳು ನಿನ್ನನ್ನು ಮೂರು ತಿಂಗಳು ಕಾಪಾಡಿದಳು. ಅವಳೊಬ್ಬಳೇ ಎಲ್ಲಿ ಅತ್ತಳೋ, ಅದನ್ನು ನಾನು ಕೇಳಲಿಲ್ಲ. ನೀನು ಕೇಳು.

ಪಾಟಿ ಒರೆಸಿ ಇನ್ನೊಂದು ಬರೆದಳು. 'ನೀವು ಮಾಮಾಗೆ ಡಾಕ್ಟರ್ ಮಾತು ಹೇಳಲಿಲ್ಲ. ನಾನೂ ಅಪ್ಪನಿಗೆ ಹೇಳಲಿಲ್ಲ.' ಅವಳ ಮುಖದಲ್ಲಿ ದೂರು ಇರಲಿಲ್ಲ. ಒಂದೇ ಬೆಂಚಿನ ಮೇಲೆ ಕೂತ ಗೆಳತಿಗೆ ಹೇಳುವ ಹಾಗೆ ಬರೆದಳು. ನನ್ನನ್ನು ಈ ಹದಿನಾಲ್ಕು ವರ್ಷದಲ್ಲಿ ಯಾರೂ ಅಷ್ಟು ಹತ್ತಿರ ಕೂಡಿಸಿಕೊಂಡಿರಲಿಲ್ಲ. ನಾನು ಅವಳ ಕೈ ಹಿಡಿದುಕೊಂಡೆ, ಅವಳು ಬಿಡಿಸಿಕೊಳ್ಳಲಿಲ್ಲ.

ಬಹಳ ಹೊತ್ತಿನ ಮೇಲೆ ಟ್ರೇಯನ್ನು ನನ್ನ ಕಡೆ ಸರಿಸಿದಳು. ಕಾಗದಗಳನ್ನು ತೋರಿಸಿ, ಬಳಪ ಹಿಡಿದು, 'ಮಗುವಿನ ಹೆಸರು ಏನು? ಎಲ್ಲೂ ಬರೆದಿಲ್ಲ' ಎಂದು ಕೇಳಿದಳು.

ನಿಜ. ನಿನಗೆ ಬರೆದ ಅಷ್ಟೂ ಕಾಗದದಲ್ಲಿ ನಾನು ಮಗು ಎಂದೇ ಬರೆದಿದ್ದೇನೆ. ಬಿಳಿಯ ತೋಡಿನಿಂದ ಎರಡು ನಕಾರ, ಒಂದು ಲಕಾರ ತೆಗೆದೆ. ನೀಲಿಯಿಂದ ಎರಡು ಗುಡಿಸು. ಚಾಪೆಯ ಮೇಲೆ ಜೋಡಿಸಿದೆ. ಒಂದು ಬಿಲ್ಲೆ ಉರುಳಿಹೋಯಿತು. ಅವಳು ಹಿಡಿದು ತಂದು ಜಾಗದಲ್ಲಿಟ್ಟಳು.

ನಲಿನಿ.

ಅವಳು ತುಟಿ ಆಡಿಸಿ ನೋಡಿದಳು. ಸದ್ದು ಬರಲಿಲ್ಲ, ಆದರೆ ಆ ಹೆಸರು ಒಬ್ಬರ ಬಾಯಿಯಲ್ಲಿ ಆಡುವುದನ್ನು ನಾನು ಕಂಡೆ. ಆಮೇಲೆ ಪಾಟಿಯ ಮೇಲೆ, 'ಹೇಗಿದ್ದಳು?' ಎಂದು ಬರೆದಳು.

ಬರೆದೆ. ಪಾಟಿ ತುಂಬಿತು, ಒರೆಸಿದೆ, ಮತ್ತೆ ಬರೆದೆ. ನಲಿನಿಯ ಗುಂಗುರು ಕೂದಲು, ಎಣ್ಣೆ ಹಚ್ಚಲು ಬಿಡದ ಹಟ, ಶೇಂಗಾ ಹೋಳಿಗೆಯನ್ನು ಲಂಗದಲ್ಲಿ ಬಚ್ಚಿಟ್ಟುಕೊಂಡು ಇರುವೆ ಹತ್ತಿಸಿಕೊಂಡದ್ದು, ಅಪ್ಪ ಕಚೇರಿಯಿಂದ ಬಂದರೆ ಅವರ ಚಪ್ಪಲಿ ತಾನು ಹಾಕಿಕೊಂಡು ಅಂಗಳ ತುಂಬ ನಡೆದದ್ದು. ನಾನು ಮರೆತಿದ್ದೇನೆಂದು ತಿಳಿದದ್ದೆಲ್ಲ ಬಂತು. ಶಿವದೇವಿ ಚೀಲ ಹಿಡಿದು ಬಾಗಿಲಲ್ಲಿ ನಿಂತದ್ದೂ ತಿಳಿಯಲಿಲ್ಲ. ಅವಳು ನಮ್ಮಿಬ್ಬರನ್ನೂ ನೋಡಿ, ಏನೂ ಕೇಳದೆ, ಒಳಗೆ ಹೋಗಿ ಚಹಾಕ್ಕಿಟ್ಟಳು.

ಎಲ್ಲ ಬರೆದು ಮುಗಿಯಲಿಲ್ಲ. ಬಳಪ ಸವೆದುಹೋಯಿತು. ಉಳಿದದ್ದನ್ನು ಊರಿಗೆ ಹೋಗಿ ಕಾಗದ ಬರೆಯುತ್ತೇನೆಂದು ಉಷಾಗೆ ಮಾತು ಕೊಟ್ಟು ಬಂದಿದ್ದೇನೆ.

ಆ ಕಾಗದ ಈ ಪಾಕೀಟಿನಲ್ಲಿಯೇ ಬೇರೆ ಮಡಿಸಿ ಇಟ್ಟಿದ್ದೇನೆ, ಅಂಟು ಹಚ್ಚಿದ್ದೇನೆ. ಹಾಗೆಯೇ ಅವಳ ಕೈಗೆ ಕೊಡು. ನಮ್ಮ ಕಾಗದ ಅವಳು ಓದಿದಳೆಂದು ಅವಳ ಕಾಗದ ನೀನು ಓದಬೇಡ.

ನಿನ್ನ ಅಕ್ಕ,
ಗೋದಾ